ಜೋಡಿ ಹೊರಗೆ ಬರುವ ತನಕ

ನನ್ನ ಬಾಯಿ ಜೋರು ಅಂತ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಶ್ವಾಸಕೋಶ ಹಾಳಾದವರಿಗೆ ನಡೆಯುವುದನ್ನೂ ಉಸಿರಾಡುವುದನ್ನೂ ಹೊಸದಾಗಿ ಕಲಿಸುವ ಕೆಲಸ ನನ್ನದು. ಮೆತ್ತಗೆ ಹೇಳಿದರೆ ಅವರು ಕುರ್ಚಿ ಬಿಟ್ಟು ಏಳುವುದೇ ಇಲ್ಲ. ಬೈಯುವ ಮೊದಲೇ ಎದ್ದು ನಿಲ್ಲುತ್ತಿದ್ದವರು ಮೂಟೆಯಣ್ಣ ಒಬ್ಬರೇ.

ಗಾಜಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಮರಳಿನ ನುಣ್ಣನೆ ಪುಡಿಯ ಮೂಟೆ ಸುರಿದವರು. ಅದಕ್ಕೇ ಆ ಹೆಸರು. ಪುಡಿ ಎದೆಯೊಳಗೇ ಬಿಡಾರ ಹೂಡಿತ್ತು. ಮನೆ ಮೂರನೇ ಮಹಡಿಯಲ್ಲಿ, ನಲವತ್ತೆಂಟು ಮೆಟ್ಟಿಲು, ಲಿಫ್ಟ್ ಇಲ್ಲ. ನಾಲ್ಕು ತಿಂಗಳಿಂದ ಅವರ ವಾಸ ಕೆಳಗಡೆ ಭಾವಮೈದುನನ ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಸೊಂಟ ಮುರಿದುಕೊಂಡ ಹೆಂಡತಿ ಮೇಲೆ. ಇವರಿಗೆ ಹತ್ತಲಾಗದು, ಆಕೆಗೆ ಇಳಿಯಲಾಗದು. ಆಕೆ ಫೋನಿನಲ್ಲಿ ಬೈದದ್ದು ಕಿಟಕಿಯಿಂದಲೂ ಕೇಳುತ್ತದೆ, ದಿನಾ ಎರಡೆರಡು ಸಲ ಬೈಸಿಕೊಳ್ಳುತ್ತೇನೆ ಎಂದು ನಗುತ್ತಿದ್ದರು.

"ಒಂದು ಸಲ ಮೇಲೆ ಹತ್ಸಿಬಿಡಿ ಮೇಡಂ. ಆಮೇಲೆ ಇಳಿಯೋದೇ ಬೇಡ ನಂಗೆ."

ಮೂಗಿನಿಂದ ಉಸಿರು ಎಳೆದು, ಬಿಸಿ ಹಾಲು ಆರಿಸುವ ಹಾಗೆ ತುಟಿ ಚೂಪು ಮಾಡಿ ನಿಧಾನ ಬಿಡಬೇಕು. ಬಿಡುತ್ತಾ ಹೆಜ್ಜೆ ಎತ್ತಬೇಕು. ಆರು ವಾರದಲ್ಲಿ ಅದೆಲ್ಲ ಅವರಿಗೆ ಕರಗತವಾಯಿತು. ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದಾಗಲೆಲ್ಲ, ತಿರುವಿನಲ್ಲಿ ನಿಂತ ಕೂಡಲೇ ಬೆರಳಿನ ಕ್ಲಿಪ್ಪಿನಲ್ಲಿ ಆಮ್ಲಜನಕದ ಅಂಕಿ ತೊಂಬತ್ತರಿಂದ ಎಂಬತ್ತಕ್ಕೆ ಬೀಳುತ್ತಿತ್ತು. ಒಂದು ದಿನ ಕಣ್ಣಿಟ್ಟು ನೋಡಿದೆ. ತುಟಿ ಮುಚ್ಚಿದೆ, ಎದೆ ಅಲುಗುತ್ತಿಲ್ಲ, ಮುಖ ಸ್ವಲ್ಪ ಹಿಂದಕ್ಕೆ ತಿರುಗಿದೆ. ಮನುಷ್ಯ ಉಸಿರಾಡುತ್ತಲೇ ಇಲ್ಲ.

"ಬಿಡಿ ಅಂತ ಬಡ್ಕೊಂಡ್ರೆ ಹಿಡ್ಕೊಂಡು ನಿಂತಿದ್ದೀರಲ್ಲ, ಬುದ್ಧಿ ಇದ್ಯಾ ನಿಮ್ಗೆ?"

ಸುಧಾರಿಸಿಕೊಂಡು ಹೇಳಿದರು: "ಅವನಿನ್ನೂ ಹೊರಗೆ ಬಂದಿಲ್ಲ."

"ಯಾರು?"

"ನಮ್ಮ ಜೋಡಿ."

ಮೂಟೆ ಸುರಿಯುವ ಕೋಣೆಗೆ ಒಂದೇ ಬಾಗಿಲಂತೆ. ಇಬ್ಬರು ಉಸಿರು ಹಿಡಿದು ಒಳಗೆ ಹೋಗಿ, ಮೂಟೆಯ ಬಾಯಿ ಕುಯ್ದು ಸುರಿದು, ಓಡಿ ಹೊರಬರಬೇಕು. ಒಳಗೆ ಪುಡಿ ಎದ್ದರೆ ಸ್ವಂತ ಕೈ ಕಾಣದು. ಅದಕ್ಕೊಂದು ಕಟ್ಟುಪಾಡು ಮಾಡಿಕೊಂಡಿದ್ದರು: ಮೊದಲು ಹೊರಬಂದವನು ಜೋಡಿ ಹೊಸ್ತಿಲು ದಾಟುವ ತನಕ ಉಸಿರು ಬಿಡಬಾರದು. ತನ್ನ ಎದೆ ಉರಿಯತೊಡಗಿದರೆ ಒಳಗಿರುವವನಿಗೂ ಹೊತ್ತು ಮೀರಿತು ಎಂದರ್ಥ. ನುಗ್ಗಿ ಎಳೆದು ತರಬೇಕು.

ಆ ಜೋಡಿ ಇದೇ ಕಾಯಿಲೆಯಿಂದ ಹೋದ ವರ್ಷ ತೀರಿಕೊಂಡಿದ್ದ. ಇವರು ಮಂಚದ ಪಕ್ಕದಲ್ಲೇ ಕೂತಿದ್ದರು.

"ಅವನು ಉಸಿರು ಒಳಗೆ ತಗೊಂಡ. ನಾನೂ ತಗೊಂಡೆ. ಅವನು ಬಿಡ್ಲೇ ಇಲ್ಲ ಮೇಡಂ. ಈಗ ಮೆಟ್ಟಿಲ ಮೇಲೆ ನಿಂತು ಹಿಡ್ಕೊಂಡ್ರೆ ಹಿಂದ್ಗಡೆ ಅವನ ಸದ್ದು ಕೇಳ್ಸುತ್ತೆ. ನಾನು ಬಿಟ್ಟ ತಕ್ಷಣ ನಿಂತ್ಹೋಗುತ್ತೆ."

"ಅದು ನಿಮ್ಮದೇ ಎದೆ ಸೊಂಯ್ ಅನ್ನೋದು."

"ಉಸಿರೇ ಆಡದೆ ಇರೋವಾಗ ಎದೆ ಹೇಗೆ ಸೊಂಯ್ ಅನ್ನುತ್ತೆ?"

ಕ್ಲಿಪ್ಪು ಮತ್ತೆ ಅವರ ಬೆರಳಿಗೆ ಸಿಕ್ಕಿಸಿ, ಇನ್ನೊಂದು ಸಲ ಹತ್ತಿ ಎಂದೆ.

ಎಂಟನೇ ವಾರ ಅವರ ಮನೆಯ ಮೆಟ್ಟಿಲಿಗೇ ಹೋದೆವು. ಬೆಳಗ್ಗೆ ಹನ್ನೊಂದು ಗಂಟೆ. ಭಾವಮೈದುನ ಆಕ್ಸಿಜನ್ ಸಿಲಿಂಡರ್ ಹೊತ್ತು ಮೊದಲೇ ಮೇಲೆ ಹೋಗಿದ್ದ. ಮೂಟೆಯಣ್ಣನ ಹಿಂದೆ ನಾನು. ನನ್ನ ಹಿಂದೆ ಯಾರೂ ಇಲ್ಲ. ಎರಡನೇ ಮಹಡಿಯವರೆಗೆ ಹೇಳಿಕೊಟ್ಟ ಹಾಗೇ ಹತ್ತಿದರು. ತಿರುವಿನಲ್ಲಿ ನಿಂತರು. ಎಂಬತ್ತೆಂಟು. ಎಂಬತ್ತಮೂರು. ಎದೆ ಅಲುಗಲಿಲ್ಲ.

ಆಗ ಕೇಳಿಸಿತು. ಐದಾರು ಮೆಟ್ಟಿಲು ಕೆಳಗೆ ಯಾರೋ ಉಸಿರು ಎಳೆದುಕೊಳ್ಳುತ್ತಿದ್ದರು, ಒದ್ದೆ ಬಟ್ಟೆಯೊಳಗಿಂದ ಎಳೆದ ಹಾಗೆ. ತಿರುಗಿ ನೋಡಿದೆ. ಬಿಸಿಲು ಬಿದ್ದ ಖಾಲಿ ಮೆಟ್ಟಿಲುಗಳು.

ಎಪ್ಪತ್ತೆಂಟು. ಈಗ ಇಳಿಸಿದರೆ ಈ ಮನುಷ್ಯ ಮತ್ತೆ ಈ ಮೆಟ್ಟಿಲಿಗೆ ಕಾಲಿಡುವುದಿಲ್ಲ, ಹೆಂಡತಿಯ ಮುಖ ನೋಡುವುದಿಲ್ಲ. ರೋಗಿಗಳ ಮುಂದೆ ಅಲ್ಲಿಯ ತನಕ ನಾನು ಯಾವತ್ತೂ ಸುಳ್ಳು ಹೇಳಿದವಳಲ್ಲ.

"ಮೂಟೆಯಣ್ಣ, ಅವರು ಬಂದ್ರು. ಹೊಸ್ತಿಲು ದಾಟಿದ್ರು, ನಾನೇ ನೋಡ್ದೆ. ಬಿಡಿ."

ನನ್ನ ಮುಖವನ್ನೇ ನೋಡಿದರು. ಆಮೇಲೆ ತುಟಿ ಚೂಪು ಮಾಡಿ, ಉದ್ದಕ್ಕೆ ಬಿಟ್ಟರು. ಕಣ್ಣಲ್ಲಿ ನೀರು ಇಳಿಯಿತು. ಅಂಕಿ ಮೆಲ್ಲಗೆ ಏರಿತು. ಎಂಬತ್ತೆಂಟು ಮುಟ್ಟಿದ ಮೇಲೆ ಕೈಸನ್ನೆ ಮಾಡಿದೆ. ಹಿಂದೆ ತಿರುಗದೆ, ಒಂದೊಂದೇ ಮೆಟ್ಟಿಲು ಹತ್ತಿ ಹೋದರು. ಮೇಲೆ ಬಾಗಿಲು ತೆರೆದ ಸದ್ದು.

"ಇಷ್ಟು ದಿನ ಬೇಕಾಯ್ತೇನ್ರೀ ಬರೋಕೆ?" ಆಕೆಯ ಬೈಗುಳ ಅರ್ಧಕ್ಕೇ ಅಳುವಾಯಿತು.

ನಾನು ತಿರುವಿನಲ್ಲೇ ಉಳಿದೆ. ಮೂಟೆಯಣ್ಣ ಉಸಿರು ಬಿಟ್ಟ ತಕ್ಷಣ ನಿಲ್ಲಬೇಕಿತ್ತಲ್ಲ, ಆ ಸದ್ದು ನಿಂತಿರಲಿಲ್ಲ. ನನ್ನ ಬೆನ್ನ ಹಿಂದೆ, ಈಗ ಎರಡೇ ಮೆಟ್ಟಿಲು ಕೆಳಗೆ, ಎಳೆದುಕೊಳ್ಳುತ್ತಲೇ ಇತ್ತು.

ನನ್ನ ಎದೆ ಉರಿಯತೊಡಗಿದಾಗಲೇ ಗೊತ್ತಾಯಿತು, ಯಾವಾಗಿನಿಂದಲೋ ನಾನೂ ಉಸಿರು ಹಿಡಿದಿದ್ದೆ. ಬಂದರು ಎಂದು ಹೇಳಿದವಳು ನಾನು. ಇನ್ನು ಆ ಜೋಡಿ ನಿಜಕ್ಕೂ ಹೊರಗೆ ಬರುವ ತನಕ ಉಸಿರು ಬಿಡುವ ಧೈರ್ಯ ನನಗಾಗಲಿಲ್ಲ.