ಬುಟ್ಟಿ ಇಳಿಸುವವರು

ದುಂಡಮ್ಮ ಕಮಲಾಪುರದವಳು. ಅಲ್ಲಿಯ ಕೆಂಪು ಬಾಳೆಹಣ್ಣನ್ನು ಬುಟ್ಟಿಯಲ್ಲಿ ಹೊತ್ತು, ಬೆಳಗಿನ ಬಸ್ಸಿಗೆ ಕಲಬುರಗಿಗೆ ಬಂದು, ಮೂವತ್ತು ವರ್ಷ ನಮ್ಮ ಓಣಿಯಲ್ಲಿ ಮಾರಿದಳು. ಎರಡೂ ಕೈ ಬಿಟ್ಟು ನಡೆದರೂ ತಲೆಯ ಮೇಲಿನ ಬುಟ್ಟಿ ಅಲುಗುತ್ತಿರಲಿಲ್ಲ.

೧೯೯೬ರ ಶ್ರಾವಣದಲ್ಲಿ ಹಣ್ಣೆಲ್ಲ ಮಾರಿ, ಖಾಲಿ ಬುಟ್ಟಿಯನ್ನು ಬಗಲಲ್ಲಿಟ್ಟುಕೊಂಡು ನಮ್ಮ ಮನೆಯ ಮೆಟ್ಟಿಲಿಳಿಯುವಾಗ ಬಿದ್ದಳು. ಎಲುಬು ಮುರಿಯಲಿಲ್ಲ. ಆದರೆ ವಯಸ್ಸಿಗೆ ಕಾಲಿನ ಬಲ, ಕಣ್ಣಿನ ದೃಷ್ಟಿ ಎರಡೂ ಕುಂದಿವೆ, ಇನ್ನು ತಲೆಹೊರೆ ಬೇಡ, ಕೋಲು ಹಿಡಿಯಬೇಕು ಎಂದು ಡಾಕ್ಟರು ಹೇಳಿದರು. ಸೊಸೆ ಮಲ್ಕಮ್ಮ ಬುಟ್ಟಿಯನ್ನು ಅಟ್ಟಕ್ಕೇರಿಸಿದಳು. ಅದಾದ ಮೇಲೂ ದುಂಡಮ್ಮ ಬಚ್ಚಲಲ್ಲಿ ಒಮ್ಮೆ, ಸೀರೆ ಉಡುವಾಗ ಒಮ್ಮೆ ಬಿದ್ದಳು.

ದೀಪಾವಳಿ ಕಳೆದು ನಾನು ಆಕೆಯನ್ನು ನೋಡಲು ಕಮಲಾಪುರಕ್ಕೆ ಹೋದೆ. ಕೋಲು ಮೂಲೆಯಲ್ಲಿ ಬಿದ್ದಿತ್ತು.

“ತೆಲಿ ಮ್ಯಾಲ ಭಾರ ಇದ್ದಾಗ ನಾ ಯಾವಾಗರ ಬಿದ್ದೀನೇನ್ರಿ ಮಾಸ್ತರ? ಬರಿಗೈಲೆ ಇದ್ದಾಗ ಬೀಳ್ತೀನಿ. ಇವ್ರು ನೋಡಿದ್ರ ಬುಟ್ಟೀನ ಕಸ್ಕೊಂಡಾರ.”

ಮಾತು ನನಗೆ ಸರಿಯೆನಿಸಿತು. ಹೊರೆಯಿದ್ದಾಗ ಒಂದೊಂದು ಹೆಜ್ಜೆಯನ್ನೂ ನೋಡಿ ಇಡುವವಳು, ಹೊರೆಯಿಳಿದ ಮೇಲೆ ಕಾಲನ್ನೇ ಮರೆಯುತ್ತಿದ್ದಳು. ಮಲ್ಕಮ್ಮನಿಗೆ ಹೇಳಿ ಬುಟ್ಟಿ ತರಿಸಿದೆ. ಅಂಗಳದ ಗೋಡೆ ಮುಟ್ಟಿ ಬಂದರೆ ನಾಳೆಯಿಂದ ತನ್ನನ್ನು ಬಸ್ಸಿಗೆ ಬಿಡಬೇಕೆಂದು ಅತ್ತೆ ಕರಾರು ಹಾಕಿದಳು. ಸೊಸೆ ಮುಖ ಗಂಟಿಕ್ಕಿಕೊಂಡೇ ಹಣ್ಣು ತುಂಬಿ, ಬುಟ್ಟಿಯನ್ನು ತಲೆಗೇರಿಸಿದಳು.

ದುಂಡಮ್ಮ ಹೋದಳು, ತಿರುಗಿದಳು, ಬಂದಳು. ಬೆನ್ನು ನೆಟ್ಟಗಿತ್ತು. ನಾನೇ ಗೆದ್ದಂತೆ ಮಲ್ಕಮ್ಮನ ಕಡೆ ನೋಡಿದೆ.

ಆಕೆ ಅತ್ತೆಯನ್ನೇ ನೋಡುತ್ತಿದ್ದಳು. “ನಡದಿ ಖರೆ ಅತ್ತಿ. ಈಗ ಇಳಸು. ಕಲಬುರಗ್ಯಾಗ ಮನಿಮನಿಗೆ ಇಳಸಾಕ ನಾ ಹಿಂದ ಬರ್ಲೇನು?”

ದುಂಡಮ್ಮ ಎರಡೂ ಕೈಯಿಂದ ಬುಟ್ಟಿ ಹಿಡಿದು ಮೊಣಕಾಲು ಮಡಚಿದಳು. ಕಾಲು ನಡುಗಿತು. ಮತ್ತೆ ನೆಟ್ಟಗಾದಳು. ಇನ್ನೊಮ್ಮೆ ಬಗ್ಗಿದಾಗ ಬುಟ್ಟಿ ವಾಲಿತು. ಕೈ ಬಿಟ್ಟು ಗೋಡೆ ಹಿಡಿಯುವಂತಿರಲಿಲ್ಲ. ನಾನು ಏಳಹೋದರೆ ಕಣ್ಣಿನಿಂದಲೇ ತಡೆದಳು. ಬಿಸಿಲಿನಲ್ಲಿ ಹಾಗೆಯೇ ನಿಂತಳು, ಬೆವರು ಹುಬ್ಬಿಗಿಳಿದರೂ ಒರೆಸಿಕೊಳ್ಳಲಾಗದೆ.

“ಇಳಸವ್ವ,” ಎಂದಳು ಕೊನೆಗೆ.

ಬುಟ್ಟಿ ಇಳಿದ ಮೇಲೆ ಯಾರ ಮುಖವನ್ನೂ ನೋಡದೆ ಹಣ್ಣುಗಳನ್ನು ಒಂದೊಂದಾಗಿ ಮುಟ್ಟಿದಳು. ನಂತರ ಬುಟ್ಟಿಯನ್ನು ಕಾಲಿನಿಂದ ಸೊಸೆಯತ್ತ ಸರಿಸಿದಳು.

“ನಾಳಿ ನೀನ ಹೋಗು. ಬಸ್ಸಿನಾಗ ಹಣ್ಣು ಹಿಚುಕಿಸಿಕೊಂಡು ಬಂದೀ ಮತ್ತ.”