ಸಾಲ್ವಡಾರಿನ ಏಳು ಗೇರುಬೀಜ

ನನ್ನ ಸೋದರಮಾವ ಸಂಕಪ್ಪನನ್ನು ಮಂಗಳೂರಿನ ಜೆಪ್ಪುವಿನಲ್ಲಿ ‘ಬಂಡಲ್ ಸಂಕಪ್ಪ’ ಎಂದು ಕರೆದವರ ಬಾಯಿಗೆ ಹುಳ ಬೀಳಲಿ. ಅವನು ಸುಳ್ಳು ಹೇಳಿದವನೇ ಅಲ್ಲ.

ಮಾವ ಸರಕು ಹಡಗಿನಲ್ಲಿ ಅಡುಗೆಯವನು. ೧೯೭೭ರಲ್ಲಿ ಅವನ ಹಡಗು ಬ್ರೆಜಿಲ್ ದೇಶದ ಸಾಲ್ವಡಾರ್ ಎಂಬ ಹಳೆಯ ಬಂದರಿನಲ್ಲಿ ಹನ್ನೊಂದು ದಿನ ನಿಂತಿತು. ಮಾವ ದಿನಾ ಗುಡ್ಡ ಹತ್ತಿ ಪೇಟೆ ಸುತ್ತಿದ. ಕಲ್ಲು ಹಾಸಿದ ಇಳಿಜಾರು ಬೀದಿ, ಹೆಜ್ಜೆಗೊಂದು ಇಗರ್ಜಿ, ಹಿತ್ತಿಲಲ್ಲಿ ಹಲಸು, ಮಾವು, ತೆಂಗು. ಒಂದು ಇಗರ್ಜಿಯ ಮೆಟ್ಟಿಲ ಬಳಿ ಕೆಂಪು ಎಣ್ಣೆಯಲ್ಲಿ ಅಲಸಂಡೆ ವಡೆ ಕರಿಯುತ್ತಿದ್ದ ಮುದುಕಿ ಅವನಿಗೆ ಏಳು ಗೇರುಬೀಜ ಕೊಟ್ಟಳು. ಜೊತೆಯವರು ವಾಚು, ರೇಡಿಯೋ ಕೊಂಡರೆ ಈ ಪುಣ್ಯಾತ್ಮ ಸಿಪ್ಪೆ ಸಮೇತ ಬೀಜ ತಂದ! ಭೂಮಿಯ ಆಚೆ ತುದಿಯಲ್ಲೂ ನಮ್ಮ ಹಿತ್ತಿಲೇ ಇದೆ ಎಂದು ತೋರಿಸುವ ಹುಚ್ಚು.

ಊರಿಗೆ ಬಂದವನೇ ಲೋಕನಾಥನ ಹೊಟೇಲಿಗೆ ಹೋಗಿ ಮೇಜಿನ ಮೇಲೆ ಬೀಜ ಸುರಿದ.

“ಎಂತ ಮಾರಾಯ, ಉಳ್ಳಾಲದ ಗುಡ್ಡೆಯಲ್ಲಿ ಹೆಕ್ಕಿದ್ದಾ?” ಎಂದ ಲೋಕನಾಥ. “ಬ್ರೆಜಿಲ್ ಅಂತೆ! ಇವ ಬೊಂಬಾಯಿ ಡಾಕ್‌ಯಾರ್ಡಿನಲ್ಲಿ ಪಾತ್ರೆ ತೊಳೀತಿದ್ದ.”

ಹೊಟೇಲಿಡೀ ನಕ್ಕಿತು. ತೋರಿಸೋಣವೆಂದರೆ ಬಂದರುಗಳ ಸೀಲು ಬಿದ್ದ ಅವನ ಪುಸ್ತಕ ಹಡಗು ಕಂಪೆನಿಯ ಮುಂಬಯಿ ಆಫೀಸಿನಲ್ಲಿತ್ತು. ಮಾವ ಬೀಜ ಬಾಚಿ ಜೇಬಿಗೆ ಹಾಕಿ, ಗ್ಲಾಸು ಎತ್ತಿ ಒಡೆದು ಹೊರಗೆ ಬಂದ. ಆಮೇಲೆ ಒಂಬತ್ತು ವರ್ಷ ಸಾಲ್ವಡಾರಿನ ಹೆಸರೆತ್ತಲಿಲ್ಲ. “ಬ್ರೆಜಿಲ್ ಹೇಗುಂಟು?” ಎಂದು ಯಾರಾದರೂ ಕೆಣಕಿದರೆ ಚಪ್ಪಲಿಗೆ ಕೈ ಹಾಕುತ್ತಿದ್ದ.

೧೯೮೬ರಲ್ಲಿ ಮನೆಗೆ ಸುಣ್ಣ ಹೊಡೆಯುವಾಗ ಅವನ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದವಳು ಅವನ ಅಕ್ಕ ಗುಲಾಬಿ, ನನ್ನ ಅಮ್ಮ. ಇಪ್ಪತ್ತು ವರ್ಷ ಬೀಜದ ಫ್ಯಾಕ್ಟರಿಯಲ್ಲಿ ಕೈಗೆ ಬೂದಿ ಬಳಿದುಕೊಂಡು ಬೀಜ ಒಡೆದವಳು. ಆದರೂ ಸಿಪ್ಪೆಯ ಸುಡುವ ಎಣ್ಣೆ ತಾಗಿ ಬೆರಳೆಲ್ಲ ಕಪ್ಪು. ಡಬ್ಬಿಯಲ್ಲಿದ್ದ ಏಳರಲ್ಲಿ ಒಂದು ಬೀಜವನ್ನು ಅಂಗೈಯಲ್ಲಿ ಹೊರಳಿಸಿ ಹೆಬ್ಬೆರಳಿನಿಂದ ಒತ್ತಿದಳು.

“ಇದು ಊರಿನ ಬೀಜ ಅಲ್ಲ. ಫ್ಯಾಕ್ಟರಿಗೆ ಬರುವ ಆಫ್ರಿಕಾದ್ದೂ ಅಲ್ಲ. ಬೆನ್ನು ನೋಡು, ಎಷ್ಟು ಅಗಲ! ಇಂಥದ್ದು ನನ್ನ ಕೈಗೆ ಬಂದೇ ಇಲ್ಲ.” ಅಮ್ಮ ತಲೆ ಎತ್ತಿದಳು. “ಹಾಗಾದ್ರೆ ನೀನು ಹೋದದ್ದು ನಿಜವಾ?”

ಮಾವನ ಮುಖ ಕೆಂಡವಾಯಿತು. “ನೀನೂ ನಂಬ್ಲಿಲ್ವಾ! ಒಂಬತ್ತು ವರ್ಷ ನನ್ನ ಮರ್ಯಾದೆ ಹೋಯ್ತು. ಈ ಮಾತು ಆವತ್ತೇ ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು?”

“ಬೊಬ್ಬೆ ಹಾಕ್ಬೇಡ!” ಅಮ್ಮನೂ ಬಿಡಲಿಲ್ಲ. “ದಿನಕ್ಕೆ ಸಾವಿರಾರು ಬೀಜ ಒಡೆಯುವವಳು ಮನೆಯಲ್ಲೇ ಇದ್ದೆ. ನೀನು ಹೊಟೇಲಿನ ಗಂಡಸರಿಗೆ ತೋರಿಸಿದೆ. ನನಗೆ ತೋರಿಸಿದ್ದಾ?”

ಮಾವ ಸುಣ್ಣದ ಬಾಲ್ದಿಯನ್ನು ಆಚೆ ಸರಿಸಿ ನೆಲದ ಮೇಲೆ ಕುಳಿತ. ಅಮ್ಮ ಸಿಟ್ಟು ಇಳಿಯದೆಯೇ ಎದುರು ಕುಳಿತಳು.

“ಸಾಲ್ವಡಾರಿನಲ್ಲಿ ಒಂದು ಗುಡ್ಡ ಉಂಟು ಅಕ್ಕ,” ಎಂದು ಮಾವ ಶುರು ಮಾಡಿದ.