ಸಂಡೂರಿನ ಬಸ್ಸಿನಲ್ಲಿ ನನ್ನ ಪಾತ್ರಗಳಿಗೆ ಬಿದ್ದ ಓಟು

ಅದಿರಿನ ಲಾರಿಗಳ ಕಾಲವದು. ಹೊಸಪೇಟೆಯಿಂದ ಸಂಡೂರಿಗೆ ಹೊರಟರೆ ಎಷ್ಟು ಹೊತ್ತಿಗೆ ಮುಟ್ಟುತ್ತೇವೆಂದು ಯಾರೂ ಹೇಳುವಂತಿರಲಿಲ್ಲ. ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ರೇಷ್ಮೆ ಸೀರೆ ಉಟ್ಟು ಬಸ್ಸು ಹತ್ತಿದ್ದೆ. ಊರು ದಾಟುತ್ತಲೇ ಎದುರಿಗೆ ಲಾರಿಯೊಂದು ಕೆಟ್ಟು ಅಡ್ಡ ನಿಂತಿತ್ತು. ಡ್ರೈವರ್ ಎಂಜಿನ್ ಆರಿಸಿದ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಕೆಂಪು ಧೂಳು.

ಮುಂದಿನ ಸೀಟಿನ ಹುಡುಗಿ ತಿರುಗಿ ತಿರುಗಿ ನನ್ನನ್ನು ನೋಡುತ್ತಿದ್ದಳು. ಕೊನೆಗೆ ಕೇಳಿಯೇಬಿಟ್ಟಳು: "ಟೀವಿಯೊಳಗ ಸೊಸಿಗೆ ಊಟ ಕೊಡದ ಅತ್ತಿ ನೀವೇ ಅಲ್ಲೇನ್ರಿ?"

"ಹೌದವ್ವ, ನಾನೇ."

"ನಮ್ಮವ್ವ ನಿಮಗ ದಿನಾ ಬೈತಾಳ್ರಿ!"

ನನಗೆ ಖುಷಿಯೇ ಆಯಿತು. ನಾನು ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸುವ ಟೀಚರ್. ಹಂಪಿಯಲ್ಲಿ ಶೂಟಿಂಗ್ ನಡೆದಾಗ ಗುಂಪಿನಲ್ಲಿ ನಿಲ್ಲಲು ಕರೆದಿದ್ದರು. ಆಮೇಲೆ ಸಣ್ಣಪುಟ್ಟ ಪಾತ್ರಗಳೂ ಸಿಕ್ಕವು. ರಜೆ ಹಾಕಿ ಹೋಗಿ ಮಾಡಿ ಬರುತ್ತಿದ್ದೆ. ಕಾಣದ ಮನೆಯ ಹೆಣ್ಣುಮಗಳೊಬ್ಬಳು ದಿನಾ ಬೈಯುವಷ್ಟು ನಂಬಿಸಿದ್ದೇನೆಂದರೆ ಸಣ್ಣ ಮಾತೇ?

ಅಷ್ಟರಲ್ಲಿ ಕಂಡಕ್ಟರ್ ಬಂದ. "ಅತ್ತಿ ಪಾರ್ಟು ಬಿಡವ್ವ. ಹಂಪಿ ಬಜಾರದಾಗ ಹೀರೋ ಬಾಳೆಹಣ್ಣಿನ ಬಂಡಿ ಕೆಡವ್ತಾನಲ್ಲ, ಆ ಬಂಡಿಯಾಕಿ ಇವ್ರೇ. 'ನನ್ನ ಹಣ್ಣು ತುಳೀಬ್ಯಾಡ್ರೋ' ಅಂತ ಒದರಿದಾಗ ಥೇಟರಿನ್ಯಾಗ ಸೀಟಿ ಹೊಡದೀನಿ ನಾನು."

ಡ್ರೈವರ್ ಕೂತಲ್ಲಿಂದಲೇ, "ಡಾಕ್ಟರಮ್ಮ ಆಗಿದ್ದು ಮಸ್ತ್ ಇತ್ತಪ್ಪ," ಅಂದ.

"ಹಂಗಾದ್ರ ಓಟ್ ಹಾಕ್ರಿ, ಈ ಲಾರಿ ಏನು ಜಲ್ದಿ ಬಿಡಂಗಿಲ್ಲ," ಎಂದು ಕಂಡಕ್ಟರ್ ಕೈ ಎತ್ತಿಸಿದ. ಅತ್ತೆಗೆ ಹೆಂಗಸರೆಲ್ಲ ಕೈ ಎತ್ತಿದರು. ಬಾಳೆಹಣ್ಣಿನವಳು ಎರಡನೆಯವಳಾದಳು. ಡಾಕ್ಟರಮ್ಮನಿಗೆ ಡ್ರೈವರ್ ಒಬ್ಬನೇ. ನಾನು ನಗುತ್ತಾ ಕೂತಿದ್ದೆ. ಎದೆ ಉಬ್ಬಿತ್ತು, ಸುಳ್ಳೇಕೆ ಹೇಳಲಿ.

ಆಗ ಹಿಂದಿನ ಸೀಟಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ಗಣಿಯಲ್ಲಿ ದುಡಿಯುವವಳೆಂದು ಕೈ ನೋಡಿದರೇ ತಿಳಿಯುತ್ತಿತ್ತು. "ಅಕ್ಕಾರ, ಒಂದಿನ ಟೀವಿಯೊಳಗ ಕಲ್ಲು ಒಡಿಯಾಕಿ ಆಗಿ ಬಂದಿದ್ರಲ್ಲ, ಅದು ಲೆಕ್ಕಕ್ಕಿಲ್ಲೇನು?"

ಅದು ಒಂದೇ ಸಲ, ಒಂದು ಮಧ್ಯಾಹ್ನ ಬಂದುಹೋದ ಟೆಲಿಚಿತ್ರ. ನನಗೆ ಒಂದು ಮಾತೂ ಇರಲಿಲ್ಲ. ಆದರೆ ಅದಕ್ಕಾಗಿ ಒಂದು ವಾರ ಪಾಪಿನಾಯಕನಹಳ್ಳಿಯ ಕಡೆ ಹೋಗಿ, ಅದಿರು ಒಡೆಯುವ ಹೆಂಗಸರ ಪಕ್ಕ ಕೂತು ಸುತ್ತಿಗೆ ಹಿಡಿಯುವುದನ್ನು ಕಲಿತಿದ್ದೆ. ಅದನ್ನು ನೋಡಿದೆ ಎಂದು ಅವತ್ತಿನವರೆಗೆ ಒಬ್ಬರೂ ಹೇಳಿರಲಿಲ್ಲ.

ಅವಳು ಬಸ್ಸಿನವರಿಗೆಲ್ಲ ತೋರಿಸಿದಳು. "ಕಣ್ಣಿಗೆ ಧೂಳು ಬಿತ್ತಂದ್ರ ನಾವು ಅಂಗೈಲೆ ಒರಸಂಗಿಲ್ಲ. ಹಿಂಗ, ಮುಂಗೈಲೆ ಒರಸ್ತೀವಿ. ಇವ್ರೂ ಹಂಗ ಮಾಡಿದ್ರು. ನಮ್ಮಾಕಿನ್ನೇ ಯಾರನ್ನೋ ಕರಕೊಂಡು ಹೋಗ್ಯಾರ ಅಂದ್ಕೊಂಡಿದ್ದೆ." ಆಮೇಲೆ ದನಿ ತಗ್ಗಿಸಿ, "ಒಂದು ತಪ್ಪೈತ್ರಿ. ತುಂಬಿದ ಪುಟ್ಟಿ ನೀವೇ ತಲಿಮ್ಯಾಲೆ ಇಟ್ಕೊಂಡ್ರಿ. ಅದು ಒಬ್ಬಾಕಿ ಕೈಲೆ ಆಗಂಗಿಲ್ಲ. ಇನ್ನೊಬ್ಬಾಕಿ ಎತ್ತಿ ಕೊಡಬೇಕು," ಅಂದಳು.

"ಹೌದವ್ವ, ನಂಗ ಹೊಳೀಲೇ ಇಲ್ಲ," ಎಂದು ಅವಳ ಕೈ ಹಿಡಿದುಕೊಂಡೆ.

ಕಂಡಕ್ಟರ್ ಅದಕ್ಕೂ ಒಂದು ಓಟು ಬರೆದುಕೊಂಡ. ಲಾರಿ ಪಕ್ಕಕ್ಕೆ ಸರಿದು ಬಸ್ಸು ಹೊರಟಿತು. ಆ ಹೆಂಗಸು ಗಣಿಯ ತಿರುವಿನಲ್ಲಿ ಇಳಿದು ಹೋದಳು. ಸೀರೆ ಕೆಂಪಾಗಿ ನಾನು ತಂಗಿಯ ಮನೆ ಮುಟ್ಟುವಷ್ಟರಲ್ಲಿ ಉಂಗುರ ಬದಲಾಯಿಸಿ ಆಗಿತ್ತು. ತಂಗಿ ಸಿಟ್ಟಾದಳು, ನನಗೆ ಬೇಜಾರೇನೂ ಆಗಲಿಲ್ಲ.

ಮರುವರ್ಷ ಕಂಪ್ಲಿಯ ಕಡೆ ಒಂದು ಸಿನಿಮಾದಲ್ಲಿ ಕಬ್ಬಿನ ಹೊರೆ ಹೊರುವ ಪಾತ್ರ ಬಂತು. ಹೊರೆ ಎತ್ತಿಕೊಡಲು ಇನ್ನೊಬ್ಬಳು ಬೇಕೇಬೇಕೆಂದು ನಿರ್ದೇಶಕರ ಮುಂದೆ ಹಟ ಹಿಡಿದೆ. ಅವರು ಒಪ್ಪಿ, ಎಮ್ಮಿಗನೂರಿನ ಕೂಲಿ ಹೆಂಗಸೊಬ್ಬಳನ್ನು ನಿಲ್ಲಿಸಿದರು. ಪರದೆಯ ಮೇಲೆ ನಾವಿಬ್ಬರೂ ಇದ್ದೇವೆ.